ಗೇಣು ದೂರ

ನೆಟ್ಟಗಿರೋ ಗೋಡಿ ಮುಂದ ಹಿಡಿದು ನೋಡ್ರಿ, ಲೆನ್ಸಿನ ಗುಣ ಅಲ್ಲೇ ಗೊತ್ತಾಗ್ತದ ಎಂದು ವಾಡಿಯ ಜಿಲಾನಿ ಹೇಳಿದ್ದ. ಬೆಳಿಗ್ಗೆ ಎದ್ದಾಗಿನಿಂದ ಬಸವಂತರಾಯ ಅದನ್ನೇ ಮಾಡುತ್ತಿದ್ದ. ಶಹಾಬಾದದಲ್ಲಿ ಕಲ್ಲಿಗೇನು ಕಡಿಮೆ. ಅವನ ಮನೆಯ ನೆಲ ಪರಸಿ ಕಲ್ಲಿನದು, ಗೋಡೆ ಪರಸಿ ಕಲ್ಲಿನದು, ತಲೆಯ ಮೇಲಿನ ಮಾಳಿಗೆಯೂ ಅದೇ ಕಲ್ಲು. ಆದರೆ ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ನೋಡಿದರೆ ಕಲ್ಲಿಗೆ ಕಲ್ಲು ಕೂಡುವ ಗೆರೆಗಳು ನಡುವೆ ನೆಟ್ಟಗಿದ್ದು, ಅಂಚಿಗೆ ಬರುಬರುತ್ತ ಹೊಟ್ಟೆ ಬಿಡುತ್ತಿದ್ದವು. ಬಾಗಿದ್ದು ಲೆನ್ಸೋ ಗೋಡೆಯೋ ಎಂದು ಒಮ್ಮೆ ಕ್ಯಾಮೆರಾ ಕೆಳಗಿಳಿಸಿ ಬರಿಗಣ್ಣಿನಿಂದ ನೋಡಿದ. ಹುಟ್ಟಿದಾಗಿನಿಂದ ನೋಡಿದ ಗೋಡೆ, ಆದರೂ ಖಾತ್ರಿಯಾಗಲಿಲ್ಲ. ಗೋಡೆಯ ಕೆಳಗೆ ಮಂಚ, ಮಂಚದ ಮೇಲೆ ಹೆಂಡತಿ ಶರಣಬಸಮ್ಮ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಾನು ಪರೀಕ್ಷೆ ಮಾಡುತ್ತಿರುವುದು ಗೋಡೆಯನ್ನು, ಮಂಚವನ್ನಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಮನೆಯಲ್ಲಿ ಬೇರೆ ಗೋಡೆಗಳೂ ಇದ್ದವು.

ಪಡಸಾಲೆ ಇಕ್ಕಟ್ಟು. ಎದುರಿನ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಅವನ ಹಳೆಯ ಐವತ್ತು ಎಂಎಂ ಲೆನ್ಸಿನಲ್ಲಿ ಅರ್ಧ ಮಂಚ ಮಾತ್ರ ಹಿಡಿಸುತ್ತಿತ್ತು. ಇದು ಹದಿನಾರರದು. ಅಂಕಿ ಸಣ್ಣದಾದಷ್ಟು ನೋಟ ಅಗಲ. ಇದರಲ್ಲಿ ಮಂಚ ಪೂರ್ತಿ ಬಂತು, ಮಂಚದ ಆಚೆ ಈಚೆ ಆರೆಂಟು ಮಂದಿ ನಿಲ್ಲುವಷ್ಟು ಜಾಗವೂ ಬಂತು. ಮೇಲೆ ಗೂಟವೂ ಬಂತು. ಆ ಗೂಟ ಅವನ ಅವ್ವ ತೀರಿಕೊಂಡಾಗ ಎರಡು ಕಲ್ಲಿನ ಸಂದಿಯಲ್ಲಿ ಬಡಿದದ್ದು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಚಕ್ಕಳಮಕ್ಕಳ ಕೂಡಿಸುತ್ತಾರೆ. ತಲೆ ಬೀಳಬಾರದೆಂದು ಹಣೆಗೆ ಬಟ್ಟೆ ಸುತ್ತಿ ಗೂಟಕ್ಕೆ ಕಟ್ಟುತ್ತಾರೆ. ಆಮೇಲೆ ಮನೆಯವರೆಲ್ಲ ಅಕ್ಕಪಕ್ಕ ನಿಂತು ಒಂದು ಫೋಟೋ ತೆಗೆಸುತ್ತಾರೆ. ಆ ಫೋಟೋ ತೆಗೆಯುತ್ತಲೇ ಅವನಿಗೆ ವಯಸ್ಸಾಗಿತ್ತು. ಚಿತ್ತಾಪುರದಿಂದ ಸೇಡಂವರೆಗೆ, ಆಚೆ ಚಿಮ್ಮನಚೋಡದ ತನಕ, ಅವನಿಗೆ ಬರುವ ಫೋನಿನಲ್ಲಿ ಸತ್ತರು ಎಂಬ ಮಾತೇ ಇರುತ್ತಿರಲಿಲ್ಲ. ಕುಂದ್ರಿಸೀವಿ, ಬರ್ರಿ ಎನ್ನುತ್ತಿದ್ದರು. ಮನೆಯಲ್ಲೂ ಅದೇ ಮಾತು ರೂಢಿಯಾಗಿತ್ತು. ಅವ್ವನ ಆ ಗೂಟಕ್ಕೆ ಬಹಳ ವರ್ಷ ಅವನ ಅಂಗಿ ನೇತಾಡುತ್ತಿತ್ತು. ಈಗ ಸೊಸೆ ಉಮಾದೇವಿ ಅಲ್ಲಿ ಗುಳಿಗೆಯ ಚೀಲ ಹಾಕಿದ್ದಳು.

ಜಿಲಾನಿಯ ಅಂಗಡಿ ವಾಡಿ ಸ್ಟೇಷನ್ನಿನ ಮಗ್ಗುಲಿಗೆ. ಮೊಬೈಲ್ ರಿಪೇರಿ ಅವನ ಕಸುಬು, ಹಳೆಯ ಕ್ಯಾಮೆರಾ ಅವನ ಹುಚ್ಚು. ನಿನ್ನೆ ಅವನು ಈ ಲೆನ್ಸನ್ನು ಬಟ್ಟೆಯಿಂದ ಒರೆಸಿ ಗಾಜಿನ ಮೇಲೆ ಇಟ್ಟು, "ಕಾಕಾ, ಸಸ್ತಾ ಮಾಲು, ಖರೆ ಹೇಳ್ತೀನಿ. ಮೈಯೆಲ್ಲ ಕಬ್ಬಿಣ. ಝೂಮ್ ಇಲ್ಲ, ನಿಮ್ಮ ಕಾಲೇ ಝೂಮ್. ಫೋಕಸ್ ಕೈಲೇ ತಿರುಗಿಸಬೇಕು" ಎಂದಿದ್ದ.

"ಕೈಲೇ ಅಂದ್ರ ತಡಾ ಆಗ್ತದಲ್ಲೋ."

"ನಿಮ್ಮ ಗಿರಾಕಿ ಎಲ್ಲಿಗಿ ಓಡಿ ಹೋಗ್ತಾರ? ಕುಂದ್ರಿಸಿದಾಗ ಕುಂತಿರ್ತಾರ."

ಬಸವಂತರಾಯ ನಕ್ಕಿದ್ದ. ನಗಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಜಿಲಾನಿ ಲೆನ್ಸಿನ ಫೋಕಸ್ ಬಳೆ ತಿರುಗಿಸಿ ಇನ್ನೊಂದು ಗುಣ ಹೇಳಿದ. "ಗೇಣು ದೂರಕ್ಕ ಹೋದ್ರೂ ಹಿಡೀತದ ನೋಡ್ರಿ. ದೊಡ್ಡ ದೊಡ್ಡ ಲೆನ್ಸು ಹಿಡಿಯಂಗಿಲ್ಲ."

"ಅಷ್ಟು ಹತ್ರ ಯಾರು ಹೋಗ್ತಾರಪ್ಪ?"

"ಹೂವಿಗಿ ಹೋಗ್ತಾರ, ಹುಳಕ್ಕ ಹೋಗ್ತಾರ."

"ನನಗ ಅಗಲ ಆದ್ರ ಸಾಕು. ಒಯ್ದು ಮನ್ಯಾಗ ಒಂದೆರಡು ದಿನ ಹಚ್ಚಿ ನೋಡ್ತೀನಿ, ಎಷ್ಟು ಹಿಡಿಸ್ತದ ಅಂತ."

"ಮನ್ಯಾಗ ಏನು ಹಿಡಿಸಬೇಕ್ರಿ?"

ಹೊರಗೆ ಸಿಮೆಂಟಿನ ಗೂಡ್ಸು ಗಾಡಿ ಹೋಗುತ್ತಿತ್ತು. ಅದು ಮುಗಿಯುವವರೆಗೆ ಇಬ್ಬರೂ ಅದನ್ನೇ ಕೇಳುತ್ತಿರುವವರಂತೆ ನಿಂತರು. ಗಾಡಿ ಹೋದ ಮೇಲೆ ಜಿಲಾನಿ, "ಚಾಚಿ ಹ್ಯಾಂಗ ಅದಾರ?" ಎಂದ. ಆರಾಮ ಅದಾಳ ಎಂದು ಬಸವಂತರಾಯ ಹೇಳಿದ. ಜಿಲಾನಿ ಲೆನ್ಸನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಿಂದ ಕೊಟ್ಟ. ಹಾಗೆ ಎರಡೂ ಕೈಯಿಂದ ಅವನು ಯಾವತ್ತೂ ಏನನ್ನೂ ಕೊಟ್ಟವನಲ್ಲ.

"ಯಾರ ಫೋಟೋ ತಗೀಲಿಕತ್ತೀರಿ?" ಶರಣಬಸಮ್ಮ ಗೋಡೆಯ ಕಡೆಯೇ ಮುಖ ಇಟ್ಟುಕೊಂಡು ಕೇಳಿದಳು. ಅವನು ಬೆಚ್ಚಿ ಕ್ಯಾಮೆರಾ ಇಳಿಸಿದ. ಗೋಡಿದು ಎಂದ. "ಗೋಡಿಗಿ ಏನು ಬಂದದ ರೋಗ?" ಎಂದಳು ಅವಳು. ಕಲಬುರಗಿಯ ದೊಡ್ಡ ದವಾಖಾನೆಯವರು ಮನೆಗೆ ಒಯ್ರಿ ಎಂದದ್ದು ಅವಳ ಎದುರಿಗಲ್ಲ. ಹೊಟ್ಟೆಯ ಗಂಟಿನ ವಿಷಯ ಅವಳಿಗೆ ಹೇಳಿರಲಿಲ್ಲ, ಗ್ಯಾಸ್ ಆಗ್ಯದ ಎಂದಿದ್ದರು. ಹೌದೇನು ಎಂದು ಅವಳೂ ಒಪ್ಪಿಕೊಂಡಿದ್ದಳು. ಅವಳು ಅಷ್ಟು ಸುಲಭಕ್ಕೆ ಒಪ್ಪಿದ್ದೇ ಅವನಿಗೆ ತಡೆಯದಾಯಿತು. ಆ ದಿನದಿಂದ ಅವನು ಮಂಚದ ಹತ್ತಿರ ಹೋಗಿರಲಿಲ್ಲ. ಬಾಗಿಲಲ್ಲಿ ನಿಂತು ಹ್ಯಾಂಗದ ಎಂದು ಕೇಳುತ್ತಿದ್ದ. ಅಲ್ಲಿಂದಲೇ ವಾಸನೆ ಬರುತ್ತಿತ್ತು. ತೊಳೆಯುವುದು, ಹೊರಳಿಸುವುದು, ಗಂಜಿ ಕುಡಿಸುವುದು ಎಲ್ಲ ಉಮಾದೇವಿಯ ಪಾಲಿಗೆ. ಮಗ ಮಹೇಶಕುಮಾರ ಡ್ಯೂಟಿ ಮುಗಿಸಿ ಬಂದು ಅವ್ವನ ಕಾಲ ಹತ್ತಿರ ಕೂತು ಮೊಬೈಲ್ ನೋಡುತ್ತಿದ್ದ. ಅದೂ ಒಂದು ರೀತಿ ಹತ್ತಿರವೇ. ಎಷ್ಟೋ ಮನೆಯ ಹೆಣಗಳ ಗದ್ದ ಹಿಡಿದು ನೆಟ್ಟಗೆ ಮಾಡಿದ ಕೈ ತನ್ನದು, ಹೆಂಡತಿಯ ಹಣೆ ಮುಟ್ಟಲು ಯಾಕೆ ಏಳುವುದಿಲ್ಲ ಎಂದು ಅವನು ಕೇಳಿಕೊಳ್ಳುತ್ತಿದ್ದ. ಮುಟ್ಟಿದರೆ ಅದು ಯಾವ ಕೈಯೆಂದು ಅವಳಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆ ಇತ್ತೋ ಏನೋ.

ಆಗಲೇ ಫೋನು ಬಂತು. ಭಂಕೂರದ ಶಾಂತಕುಮಾರ. "ಕಾಕಾ, ಕುಂದ್ರಿಸೀವ್ರಿ. ಜರಾ ಜಲ್ದಿ ಬರ್ರಿ."

"ಯಾರನ್ನ ಕುಂದ್ರಿಸ್ಯಾರ?" ಎಂದಳು ಶರಣಬಸಮ್ಮ.

"ಭಂಕೂರದ ಮಡಿವಾಳಯ್ಯ ಅಂತ. ಅವರ ಅಣ್ಣನ ಮಗ ಮಾಡಿದ್ದ ಫೋನು."

"ಅಯ್ಯ, ಪಾಪ. ಅವರ ಅಪ್ಪನ ಫೋಟೋದಾಗಿನ ಕಣ್ಣು ನಾನಾ ಬರದಿದ್ದೆ. ಇನ್ನಾ ಅದ ಏನೋ, ನೋಡಿ ಬರ್ರಿ" ಎಂದಳು.

ಸತ್ತವರ ಕಣ್ಣು ಮುಚ್ಚಿರುತ್ತವೆ. ಗೋಡೆಗೆ ಹಾಕುವ ಫೋಟೋದಲ್ಲಿ ಕಣ್ಣು ಮುಚ್ಚಿದ್ದರೆ ಮನೆಗೆ ಒಳ್ಳೆಯದಲ್ಲ ಎಂದು ಜನ ಕಣ್ಣು ತೆರೆಸಿ ಕೊಡ್ರಿ ಎನ್ನುತ್ತಿದ್ದರು. ಕಂಪ್ಯೂಟರ್ ಬರುವ ಮುಂಚಿನ ಕಾಲ. ಕಣ್ಣನ್ನು ಫೋಟೋದ ಮೇಲೆ ಕುಂಚದಿಂದ ಬರೆಯಬೇಕಿತ್ತು, ಬಸವಂತರಾಯನಿಗೆ ಅದು ಕೈಗೂಡುತ್ತಿರಲಿಲ್ಲ. ಮಣ್ಣೆತ್ತಿನ ಅಮಾಸಿಗೆ ಓಣಿಯ ಮಣ್ಣಿನ ಎತ್ತುಗಳಿಗೆಲ್ಲ ಗುಲಗಂಜಿಯಿಂದ ಕಣ್ಣು ಕೂಡಿಸುತ್ತಿದ್ದ ಶರಣಬಸಮ್ಮ, ತರ್ರಿ ಇಲ್ಲಿ ಎಂದು ಒಂದು ದಿನ ಕುಂಚ ಕಸಿದುಕೊಂಡಳು. ಕುಂಚದ ತುದಿಯನ್ನು ತುಟಿಗೆ ಹಚ್ಚಿ ಚೂಪು ಮಾಡಿ, ಮುಚ್ಚಿದ ರೆಪ್ಪೆಯ ಮೇಲೆ ಮೊದಲು ಬಿಳಿ, ಆಮೇಲೆ ಕರಿ, ಕೊನೆಗೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ ಇಡುತ್ತಿದ್ದಳು. ಅವನು ಎದುರಿಗೆ ಕೂತು ಫೋಟೋದ ಅಂಚು ಕತ್ತರಿಸುತ್ತಿದ್ದ. ಜರಾ ಈಕಡಿ ನೋಡ್ರಿ ಎನ್ನುತ್ತಿದ್ದಳು. ನೋಡುತ್ತಿದ್ದ. ಹಾಂ, ಆಯ್ತು ಎನ್ನುತ್ತಿದ್ದಳು. ಕುತ್ತಿಗೆ ನೋಯುತ್ತದೆ, ನಡುವೆ ತಲೆ ಎತ್ತಲು ಒಂದು ನೆವ ಎಂದು ಅವನು ತಿಳಿದಿದ್ದ. ಒಮ್ಮೊಮ್ಮೆ ಸಿಟ್ಟು ಬಂದು, ಏನು ನೋಡೋದು ಸುಮ್ಮ ಮಾಡು ಎಂದು ಬೈದದ್ದೂ ಉಂಟು.

ಭಂಕೂರದ ಮನೆಯಲ್ಲಿ ಜನ ತುಂಬಿತ್ತು. ಮಡಿವಾಳಯ್ಯ ಗೋಡೆಗೆ ಒರಗಿ ಕೂತಿದ್ದ. ಹಣೆಯ ಬಟ್ಟೆಯನ್ನು ಹೂವಿನಿಂದ ಮುಚ್ಚಿದ್ದರು. ಬೇರೆ ದಿನವಾದರೆ ಬಸವಂತರಾಯ ಹಿಂದೆ ಸರಿಯುತ್ತ ಸರಿಯುತ್ತ ಅಂಗಳಕ್ಕೆ ಇಳಿದು, ಬಾಗಿಲ ಚೌಕಟ್ಟಿನ ಒಳಗಿಂದ ಅರ್ಧ ಮಂದಿಯನ್ನಷ್ಟೇ ಹಿಡಿಯಬೇಕಿತ್ತು. ಇವತ್ತು ಈ ಲೆನ್ಸು ಹಚ್ಚಿ ಕೋಣೆಯ ಒಳಗೇ ನಿಂತ. ಎಲ್ಲರೂ ಬಂದರು. ಬಾಗಿಲ ಮರೆಯಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದವಳೂ ಬಂದಳು. ಬಳೆ ತಿರುಗಿಸುತ್ತ ಅವನಿಗೆ ಎಷ್ಟೋ ದಿನಕ್ಕೆ ಮೈ ಹಗುರಾದಂತೆನಿಸಿತು. ಸತ್ತ ಮನೆಯಲ್ಲಿ ಹೀಗೆ ಅನ್ನಿಸಬಾರದು ಎಂಬುದು ಹಿಂದೆಯೇ ಬಂತು. ಶಾಂತಕುಮಾರ ಚಿತ್ತಾಪುರದಲ್ಲಿ ಮಾಸ್ತರ. ಅವನು ಪಕ್ಕಕ್ಕೆ ಬಂದು ತನ್ನ ಮೊಬೈಲನ್ನು ಮೆಲ್ಲಗೆ ತೋರಿಸಿದ. "ಇದರಾಗೂ ಅಷ್ಟಾ ಬರ್ತದ ನೋಡ್ರಿ ಕಾಕಾ. ನಿಮ್ಮನ್ನ ಯಾಕ ಕರದೀವಿ ಅಂದ್ರ, ಮೊದಲಿಂದ ನೀವಾ ಬರ್ತೀರಿ ಅಂತ." ಅದರಲ್ಲಿ ಹಂಗಿಸುವುದು ಏನೂ ಇರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಮಡಿವಾಳಯ್ಯನ ತಂಗಿ ಫೋಟೋ ನೋಡಬೇಕು ಎಂದು ಕ್ಯಾಮೆರಾ ತರಿಸಿಕೊಂಡಳು. ಅವಳು ಸಾಲಿನ ತುದಿಗೆ ನಿಂತಿದ್ದಳು. ತುದಿಯಲ್ಲಿದ್ದವರ ಮುಖ ಅಡ್ಡಕ್ಕೆ ಹಿಗ್ಗಿತ್ತು. "ಅಯ್ಯಯ್ಯ, ನನ್ನ ಮಾರಿ ಏನು ಮಾಡ್ಯಾನಿವ? ಬಾತುಕೊಂಡ ಹೆಣ ಆಗೀನಿ."

"ನೀ ತುದಿಗಿ ಯಾಕ ನಿಂತಿ ಯಕ್ಕ?" ಯಾರೋ ಹಿಂದಿನಿಂದ ಹೇಳಿದರು. "ನಡುವ ಇದ್ದವರು ಎಷ್ಟು ಛಂದ ಬಂದಾರ ನೋಡು."

ಎಲ್ಲರೂ ನಡುವೆ ಇದ್ದವನನ್ನು ನೋಡಿದರು. ಫೋಟೋದಲ್ಲಿ ಮಡಿವಾಳಯ್ಯನ ಮುಖ ಮಾತ್ರ ಹೇಗಿತ್ತೋ ಹಾಗೆ ಬಂದಿತ್ತು. ಒಂದಿಬ್ಬರು ನಕ್ಕು, ಬಾಯಿಗೆ ಸೆರಗು ಒತ್ತಿಕೊಂಡರು. ಬಸವಂತರಾಯ ತಲೆ ಎತ್ತಿದರೆ ಎದುರಿನ ಗೋಡೆಯಲ್ಲಿ ಮಡಿವಾಳಯ್ಯನ ಅಪ್ಪನ ಫೋಟೋ. ಕಾಗದ ಹಳದಿಯಾಗಿತ್ತು, ಮುಖ ಮಾಸಿತ್ತು. ಕಣ್ಣು ಮಾತ್ರ ನಿನ್ನೆ ಬರೆದಂತೆ ಇದ್ದವು. ಇಂಥ ಕಣ್ಣುಗಳು ಎಷ್ಟೋ ಮನೆಯ ಗೋಡೆಗಳಿಂದ ಅವನನ್ನು ನೋಡುತ್ತಿದ್ದವು. ಎಲ್ಲ ಸತ್ತವರಿಗೂ ಒಂದೇ ಜೋಡಿ ಕಣ್ಣು. ಸ್ವಲ್ಪ ಬೇಸತ್ತವನಂತೆ, ಏನೋ ಕೆಲಸ ಬಿಟ್ಟು ಈಗ ತಾನೇ ತಲೆ ಎತ್ತಿದವನಂತೆ ನೋಡುವ ಕಣ್ಣು. ಶರಣಬಸಮ್ಮನದೇ ಕಣ್ಣು, ತನಗೆ ಗೊತ್ತಿಲ್ಲದೆ ತನ್ನ ಕಣ್ಣನ್ನೇ ಎಲ್ಲರಿಗೂ ಬರೆದಿದ್ದಾಳೆ ಎಂದು ಅವನು ಯಾವಾಗಲೋ ತೀರ್ಮಾನ ಮಾಡಿಕೊಂಡಿದ್ದ. ಆದ್ದರಿಂದ ಯಾವ ಊರಿನ ಯಾವ ಮನೆಗೆ ಹೋದರೂ ಹೆಂಡತಿ ನೋಡುತ್ತಿದ್ದಾಳೆ ಎಂಬ ಸಂಕೋಚ ಅವನನ್ನು ಬಿಡುತ್ತಿರಲಿಲ್ಲ. ಇವತ್ತು ಆ ಕಣ್ಣು, ಮನೆಯಲ್ಲಿ ಎಷ್ಟು ಹಿಡಿಸಿತು ಎಂದು ಕೇಳುತ್ತಿದ್ದವು. ಚಹಾ ಕುಡಿದು ಹೋಗ್ರಿ ಅಂದರೂ ನಿಲ್ಲದೆ ಹೊರಟ.

ಟಂಟಂ ಆಟೋದಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಲೆನ್ಸಿನ ಗುಣದೋಷ ತೂಗಿ ನೋಡಿದ. ಅಂಚು ಬಾಗುತ್ತದೆ. ಮೂಲೆಗಳು ಮಬ್ಬು. ಲೆನ್ಸಿನ ಬೆಳಕಿನ ಕಿಂಡಿಯನ್ನು ಎಂಟಕ್ಕೆ ಕಿರಿದು ಮಾಡಿದರೆ ಮಬ್ಬು ಹೋಗುತ್ತದೆ, ಆದರೆ ಬೆಳಕು ಸಾಲದು, ಶಟರ್ ತೆರೆದಿರುವ ಹೊತ್ತು ಹೆಚ್ಚಾಗುತ್ತದೆ, ಅಷ್ಟರಲ್ಲಿ ಉಸಿರಾಡುವವರು ಅಲುಗುತ್ತಾರೆ. ಅಲುಗದವರಿಗೆ ಅಡ್ಡಿಯಿಲ್ಲ. ನಡುವೆ ಇದ್ದವರು ಸ್ವಚ್ಛ. ತೂಗಿದಷ್ಟೂ, ಬದುಕಿದವರಿಗೆ ಇದು ಸಸ್ತಾ ಲೆನ್ಸು, ಕುಂದ್ರಿಸಿದವರಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ ಎಂದಾಗುತ್ತಿತ್ತು. ದಾರಿಯ ಎರಡೂ ಕಡೆ ಕಲ್ಲಿನ ಪಾಲಿಶ್ ಮಶೀನುಗಳ ಬಿಳಿ ನೀರು ಹರಿಯುತ್ತಿತ್ತು. ನಾಳೆ ಬೆಳಿಗ್ಗೆಯೇ ವಾಡಿಗೆ ಹೋಗಿ ಜಿಲಾನಿಗೆ ಹಿಂದಕ್ಕೆ ಕೊಡಬೇಕು. ಹಿಂದಕ್ಕೆ ಕೊಟ್ಟರೆ ಅವಳು ಉಳಿಯುತ್ತಾಳೆ ಎಂಬಂತೆ, ಇಟ್ಟುಕೊಂಡರೆ ತಾನೇ ದಿನ ಗೊತ್ತು ಮಾಡಿದಂತೆ, ಒಂದು ಹುಚ್ಚು ಲೆಕ್ಕ ತಲೆಯಲ್ಲಿ ಕೂತಿತು. ಹಿಂದಕ್ಕೆ ಕೊಟ್ಟು, ಆ ದಿನ ಬಂದಾಗ ಅವಳನ್ನು ಅರ್ಧ ಹಿಡಿಯುವುದೇ? ಊರವರ ಹೆಣಗಳಿಗೆಲ್ಲ ಪೂರ್ತಿ ಫೋಟೋ, ಇವಳಿಗೆ ಅರ್ಧವೇ?

ಮನೆಗೆ ಬಂದಾಗ ಬಾಗಿಲಿನಿಂದ ಇಳಿಬಿಸಿಲು ಒಳಗೆ ಬಿದ್ದಿತ್ತು. ಮಂಚದವರೆಗೆ ಬಂದು ಗೋಡೆಯ ಮೇಲೆ ಅರ್ಧ ಏರಿತ್ತು. ಇಂಥ ಬೆಳಕು ದಿನದಲ್ಲಿ ಒಮ್ಮೆ. ಅವನ ಕೈ ತಾನಾಗಿ ಚೀಲಕ್ಕೆ ಹೋಯಿತು. ಹೊಸ್ತಿಲಲ್ಲೇ ನಿಂತು ಹಿಡಿದ. ಈ ಲೆನ್ಸಿನಲ್ಲಿ ಹತ್ತಿರದ್ದು ದೊಡ್ಡದು, ದೂರದ್ದು ತೀರ ಸಣ್ಣದು. ನಾಲ್ಕು ಹೆಜ್ಜೆ ಆಚೆಗಿದ್ದ ಮಂಚ ಯಾವುದೋ ಊರಿನ ಆಚೆ ಇದ್ದಂತೆ ಕಂಡಿತು. ಅದರ ಮೇಲೆ ಒಂದು ಗಂಟು ಬಟ್ಟೆಯಷ್ಟು ಶರಣಬಸಮ್ಮ. ಮಲಗಿದ್ದರೆ ಎತ್ತರ ತಿಳಿಯುವುದಿಲ್ಲ. ಗೂಟಕ್ಕೂ ತಲೆಗೂ ಎಷ್ಟು ಅಂತರ ಎಂಬುದು ತಿಳಿಯುವುದಿಲ್ಲ. ಅವಳು ಕಣ್ಣು ತೆರೆದು ಇತ್ತ ತಿರುಗಿದಳು. ಅವನು ಕ್ಯಾಮೆರಾದ ಹಿಂದಿನಿಂದಲೇ ಕೇಳಿದ.

"ಜರಾ ಕುಂದ್ರಿಸ್ಲೇನು?"

ಎದ್ದು ಕುಂದರ್ತೀಯೇನು ಎನ್ನಬೇಕಿತ್ತು. ಬದುಕಿದವರಿಗೆ ಹಾಗೆ ಕೇಳುತ್ತಾರೆ. ಮಾತು ಬಾಯಿಂದ ಹೋದ ಮೇಲೆ ಅದು ಪಡಸಾಲೆಯ ಕಲ್ಲಿಗೆಲ್ಲ ತಾಗಿ ತನಗೇ ತಿರುಗಿ ಬಂದಂತಾಯಿತು. ಒಳಗಿನಿಂದ ಗಂಜಿಯ ಬಟ್ಟಲು ಹಿಡಿದು ಬರುತ್ತಿದ್ದ ಉಮಾದೇವಿ ನಡುಬಾಗಿಲಲ್ಲಿ ನಿಂತುಬಿಟ್ಟಳು.

"ಮಾವ," ಎಂದಳು.

ಶರಣಬಸಮ್ಮ ಅವನನ್ನೂ, ಅವನ ಕೈಯಲ್ಲಿದ್ದುದನ್ನೂ ನೋಡಿದಳು. "ಕುಂದ್ರಿಸ್ರಿ," ಎಂದಳು. "ಉಮಾ, ಆ ಬಟ್ಟಲ ಇಡು. ನನ್ನ ರಟ್ಟಿ ಹಿಡಿಯವ್ವ."

"ಬ್ಯಾಡತ್ತಿ. ನೀವು ಸುಮ್ಮ ಮಲಕೊಳ್ರಿ."

"ಮಲಗಿ ಮಲಗಿ ಬೆನ್ನು ಹುಣ್ಣಾಗ್ಯದ. ಹಿಡಿ ಅಂದ್ರ ಹಿಡಿ. ಮ್ಯಾಲಿನ ಗುಳಿಗಿ ಚೀಲ ತಗಿ ಮೊದಲು, ಫೋಟೋದಾಗ ಬರ್ತದ."

ಉಮಾದೇವಿ ಅತ್ತೆಯನ್ನು ಎತ್ತಿ ಗೋಡೆಗೆ ಒರಗಿಸಿದಳು. ಗೂಟದಿಂದ ಚೀಲ ತೆಗೆದು, ಅದನ್ನು ಎದೆಗೆ ಒತ್ತಿಕೊಂಡು, ಮಾವನ ಮುಖ ನೋಡದೆ ಹಿತ್ತಲಿಗೆ ಹೋದಳು. ಅಲ್ಲಿಂದ ಪಾತ್ರೆಗಳ ಸದ್ದು ಬಂತು, ತೊಳೆಯುವ ಸದ್ದಲ್ಲ. ಶರಣಬಸಮ್ಮ ಸೆರಗು ಸರಿಮಾಡಿಕೊಂಡು ಕಾಲು ಮಡಚಲು ನೋಡಿದಳು. ಒಂದು ಕಾಲು ಮಡಚಿತು, ಒಂದು ಮಡಚಲಿಲ್ಲ. ತೆಗೀರಿ ಎಂದಳು. ಅವನು ತೆಗೆದ. ಕೈ ಅಲುಗಿತೇನೋ ಎಂದು ಮತ್ತೊಂದು ತೆಗೆದ. ರೂಢಿಯ ಕೆಲಸ, ಬೆರಳು ತಾನೇ ಮಾಡಿತು.

"ತರ್ರಿ, ತೋರಿಸ್ರಿ."

ಹೊಸ್ತಿಲು ದಾಟಿ ಮಂಚದವರೆಗೆ ನಡೆಯಬೇಕಾಯಿತು. ವಾಸನೆ ಎದುರಿಗೆ ಬಂತು, ಅವನು ಉಸಿರು ಬಿಗಿ ಹಿಡಿಯಲಿಲ್ಲ. ಅವಳು ಪರದೆಯನ್ನು ಕಣ್ಣಿಗೆ ಹತ್ತಿರ ಮಾಡಿಕೊಂಡು ಬಹಳ ಹೊತ್ತು ನೋಡಿದಳು. ನಡುವೆ ತಾನು. ತಲೆಯ ಮೇಲೆ ಗೂಟ. ಎಡಕ್ಕೂ ಬಲಕ್ಕೂ ಖಾಲಿ ಕಲ್ಲು. ಅವಳ ಉಗುರು ಆ ಖಾಲಿಯ ಮೇಲೆ ಮೆಲ್ಲಗೆ ಓಡಾಡಿತು. "ಮಹೇಶ ಇಲ್ಲಿ ನಿಂದ್ರತಾನ. ಅವನ ಬಾಜೂಕ ಉಮಾ. ಈಕಡಿ ನಮ್ಮ ತಮ್ಮ, ಅವನ ಹೆಂಡತಿ. ನೀವೆಲ್ಲಿ?"

ಅವನು ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ.

"ನೀವೆಲ್ಲಿ ಇದರಾಗ?"

"ನಾ ಹಿಂದ ಇರ್ತೀನಲ್ಲ. ತಗಿಯೋರು ಬೇಕಲ್ಲ."

"ಇಷ್ಟು ಅಗಲದ್ದು ತಂದೀರಿ, ನಿಮಗಾ ಜಾಗ ಇಲ್ಲ." ಅವಳ ಗಂಟಲಿನಲ್ಲಿ ನಗೆಯಂಥ ಸದ್ದಾಯಿತು, ಅದು ಕೆಮ್ಮಾಯಿತು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. "ಹೋಗ್ಲಿ. ಇದಕ್ಕ ಕಣ್ಣು ಬರೆಯೋರು ಯಾರು?"

"ಕಂಪ್ಯೂಟರಿನಾಗ ಹಚ್ತಾರ. ಯಾವುದಾದ್ರೂ ಹಳೀ ಫೋಟೋದಿಂದ."

"ನಂದು ಹಳೀ ಫೋಟೋ ಎಲ್ಲದ?"

ಇರಲಿಲ್ಲ. ಮದುವೆಯದು ಒಂದಿತ್ತು, ಅದರಲ್ಲಿ ಸೆರಗು ಮೂಗಿನವರೆಗೆ. ಆಮೇಲಿನ ಯಾವುದರಲ್ಲೂ ಅವಳು ನೆಟ್ಟಗೆ ನಿಂತವಳಲ್ಲ, ಅವನೂ ನಿಲ್ಲಿಸಿದವನಲ್ಲ. ಅವನು, "ಗೋಡಿ ಗೋಡಿ ಮ್ಯಾಲ ಅದಾವಲ್ಲ ನಿನ್ನ ಕಣ್ಣು. ಭಂಕೂರದಾಗ ಇವತ್ತೂ ನೋಡಿ ಬಂದೆ. ಅವನ್ನೇ ಹಚ್ಚಿದ್ರಾಯ್ತು" ಎಂದ.

ಶರಣಬಸಮ್ಮ ಪರದೆಯಿಂದ ಮುಖ ಎತ್ತಿದಳು. ಏನು ಹೇಳುತ್ತಿದ್ದಾನೆ ಎಂಬುದೇ ತಿಳಿಯದವಳಂತೆ ನೋಡಿದಳು. "ಅವು ನನ್ನವು ಎಲ್ಲ್ಯಾವ? ನನ್ನ ಕಣ್ಣು ನನಗ ಹ್ಯಾಂಗ ಕಾಣಬೇಕು? ಕನ್ನಡಿ ಇಟ್ಟುಕೊಂಡು ಬರೀತಿದ್ದೆನೇನು? ನೀವಾ ಎದುರಿಗಿ ಕುಂತಿರ್ತಿದ್ರಿ. ಈಕಡಿ ನೋಡ್ರಿ ಅಂತಿದ್ದೆ, ಮಾರಿ ಗಂಟ ಹಾಕಿ ನೋಡ್ತಿದ್ರಿ. ಅದನ್ನಾ ನೋಡಿ ಬರೀತಿದ್ದೆ. ಅವೆಲ್ಲ ನಿಮ್ಮವಾ."

ಬಿಸಿಲು ಗೋಡೆಯಲ್ಲಿ ಒಂದು ಕಲ್ಲು ಮೇಲೇರಿತ್ತು. ಚಿಮ್ಮನಚೋಡದ ಮನೆಗಳು, ಸೇಡಂನ ಮನೆಗಳು, ಇವತ್ತಿನ ಮನೆ, ಎಲ್ಲ ಗೋಡೆಗಳೂ ಅವನಿಗೆ ಒಟ್ಟಿಗೆ ನೆನಪಾದವು. ಬೇಸತ್ತು ತಲೆ ಎತ್ತಿದವನ ಕಣ್ಣು. ಇಷ್ಟು ವರ್ಷ ಯಾರಿಗೆ ಅಂಜಿ ಆ ಮನೆಗಳಿಂದ ಬೇಗ ಬೇಗ ಹೊರಗೆ ಬೀಳುತ್ತಿದ್ದೆ ಎಂದು ಯೋಚಿಸಲು ಹೋದ, ಯೋಚನೆ ಮುಂದಕ್ಕೆ ಹೋಗಲಿಲ್ಲ. ಕ್ಯಾಮೆರಾವನ್ನು ಅವಳು ಅವನ ಕೈಗೆ ತಿರುಗಿ ಇಟ್ಟಳು.

"ನನಗ ಮಾತ್ರ ನಿಮ್ಮವು ಬ್ಯಾಡ. ನನಗ ನನ್ನವಾ ಇರ್ಲಿ. ಈಗಾ ತಗೊಳ್ರಿ, ಆಮ್ಯಾಲ ಬರಂಗಿಲ್ಲ."

ಅವನು ರೂಢಿಯಂತೆ ಎರಡು ಹೆಜ್ಜೆ ಹಿಂದೆ ಸರಿದು ಹಿಡಿದ. ಕಣ್ಣು ಎರಡು ಕಾಳಿನಷ್ಟು ಕಂಡವು. ಐವತ್ತರ ಲೆನ್ಸಾಗಿದ್ದರೆ ಇಲ್ಲಿಂದಲೇ ಆಗುತ್ತಿತ್ತು. ಇದರಲ್ಲಿ ಝೂಮಿಲ್ಲ. ಒಂದು ಹೆಜ್ಜೆ ಮುಂದೆ ಹೋದ. ಇನ್ನೊಂದು. ಮೊಣಕಾಲು ಮಂಚದ ಅಂಚಿಗೆ ತಾಗಿತು. ಅಂಚಿನ ಮೇಲೆ ಕೂತು, ಬಾಗಿ, ಅವಳ ಉಸಿರು ತನ್ನ ಕೈಯ ಮೇಲೆ ಬೀಳುವಷ್ಟು ಹತ್ತಿರ ಹೋದ. ಗೇಣು ದೂರ. ಬಳೆ ತಿರುಗಿಸಿದ. ಮಬ್ಬಿನೊಳಗಿಂದ ರೆಪ್ಪೆಯ ಕೂದಲು ಬಂದವು, ಹಳದಿಗಟ್ಟಿದ ಬಿಳಿ ಬಂತು, ಅದರ ಒಳಗೆ ಅವನು ಯಾವ ಗೋಡೆಯ ಮೇಲೂ ನೋಡಿರದ ತಿಳಿಗಂದು ಬಣ್ಣದ ಕಣ್ಣು ಬಂದವು. ಎಡಗಣ್ಣಿನ ಕಪ್ಪಿನ ಪಕ್ಕದಲ್ಲಿ ಸಣ್ಣದೊಂದು ಕಲೆ ಇತ್ತು. ಅದು ಮೊದಲಿನಿಂದ ಇತ್ತೋ, ರೋಗದಿಂದ ಬಂತೋ, ಅವನಿಗೆ ತಿಳಿಯದು. ಅವಳು ರೆಪ್ಪೆ ಬಡಿಯದೆ ಕಾಯುತ್ತಿದ್ದಳು. ಕಣ್ಣ ಕೆಳಗಿನ ಅಂಚಿನಲ್ಲಿ ನೀರು ತುಂಬುತ್ತ ಬಂತು. ಅವನು ಬಳೆಯನ್ನು ಮತ್ತೂ ತಿರುಗಿಸುತ್ತಲೇ ಇದ್ದ. ಅದು ಕೊನೆ ಮುಟ್ಟಿ ನಿಂತಿತ್ತು, ಮುಂದೆ ತಿರುಗುತ್ತಿರಲಿಲ್ಲ.

"ತಗೊಳ್ರಿ," ಎಂದಳು ಅವಳು. "ಎಷ್ಟೊತ್ತು ತೆರದಿಡ್ಲಿ?"